ಓದುಗರ ಪ್ರಶ್ನೆಗಳಿಗೆ ಉತ್ತರ: ಬೆಳ್ಳಿಯ ಯುದ್ಧಪದಕಗಳ ಸಂಗ್ರಹ

ಪ್ರಶ್ನೆ: ಮೊದಲ ಮಹಾಯುದ್ಧದ ಕಾಲದ್ದೆನ್ನಲಾದ ಬೆಳ್ಳಿಯ ಪದಕವೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಒಂದು ಮುಖದಲ್ಲಿ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದರಲ್ಲಿ ಕುದುರೆಯೇರಿದ ಬತ್ತಲೆ ಸವಾರ ಇದ್ದಾನೆ. ಅಂಚಿನಲ್ಲಿ ಹುದ್ದೆ ಮತ್ತು ಹೆಸರು ಇವೆ. ಸಂಖ್ಯೆಯೂ ಇಲ್ಲ, ರೆಜಿಮೆಂಟಿನ ಹೆಸರೂ ಇಲ್ಲ. ಇದು ನಕಲಿಯೇ?

ಉತ್ತರ: ಅಷ್ಟಕ್ಕೇ ನಕಲಿ ಎಂದು ತೀರ್ಮಾನಿಸಬೇಡಿ. ನೀವು ವರ್ಣಿಸಿರುವುದು ವಿಲಿಯಂ ಮೆಕ್‌ಮಿಲನ್ ವಿನ್ಯಾಸಗೊಳಿಸಿದ ಬ್ರಿಟಿಷ್ ವಾರ್ ಮೆಡಲ್. ಸಾಮಾನ್ಯ ಸಿಪಾಯಿಯ ಪದಕದ ಅಂಚಿನಲ್ಲಿ ಅವನ ಸಂಖ್ಯೆ, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಒತ್ತಿರುತ್ತಾರೆ. ಆದರೆ ಭೂಸೇನೆಯ ಅಧಿಕಾರಿಗಳ ಪದಕದಲ್ಲಿ ಹುದ್ದೆ ಮತ್ತು ಹೆಸರು ಮಾತ್ರ ಇರುವುದೇ ವಾಡಿಕೆ. ಹಾಗಾಗಿ ನಿಮ್ಮ ಪದಕದ ಮೇಲಿರುವುದು ಕ್ಯಾಪ್ಟನ್, ಲೆಫ್ಟಿನೆಂಟ್‌ನಂತಹ ಹುದ್ದೆಯಾಗಿದ್ದರೆ ರೆಜಿಮೆಂಟ್ ಕಾಣದಿರುವುದು ಸಹಜವೇ. ಪ್ರೈವೇಟ್ (ಸಾಮಾನ್ಯ ಸಿಪಾಯಿ) ಎಂದಿದ್ದು ಸಂಖ್ಯೆ ಇಲ್ಲವಾದರೆ ಮಾತ್ರ ಅನುಮಾನಿಸಬೇಕು.

ಈ ಪದಕವನ್ನು ಬೆಳ್ಳಿಯಲ್ಲಿಯೇ ಸುಮಾರು 65 ಲಕ್ಷದಷ್ಟು ಹಂಚಲಾಗಿತ್ತು. ಆದ್ದರಿಂದ ವಸ್ತುವಾಗಿ ಅದು ಅಪರೂಪದ್ದಲ್ಲ; ಅಂಚಿನ ಮೇಲಿನ ಹೆಸರೇ ಒಂದು ಪದಕವನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ಮೋಸ ನಡೆಯುವುದೂ ಅಲ್ಲಿಯೇ. ಹಳೆಯ ಹೆಸರನ್ನು ಅರದಿಂದ ಉಜ್ಜಿ ತೆಗೆದು, ಹೆಚ್ಚು ಬೆಲೆ ಬರುವ ಪಡೆಯ ಹೆಸರನ್ನು ಹಾಕುವವರಿದ್ದಾರೆ. ಪದಕದ ವ್ಯಾಸ 36 ಮಿಲಿಮೀಟರ್. ಕ್ಯಾಲಿಪರ್ ಹಿಡಿದು ನಾಲ್ಕಾರು ಕಡೆ ಅಳೆದಾಗ ಎಲ್ಲಾದರೂ ಕಡಿಮೆ ಬಂದರೆ ಅಲ್ಲಿ ಅರ ಆಡಿದೆ ಎಂದೇ ಅರ್ಥ. ಅನಂತರ ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಿ. ಅಸಲಿಯಲ್ಲಿ ಅವು ಅಚ್ಚಿನಿಂದ ಒತ್ತಿದ ಸರಳ ದೊಡ್ಡಕ್ಷರಗಳಾಗಿದ್ದು ತಳ ಒಂದೇ ಸಮನಾಗಿರುತ್ತದೆ. ಉಳಿಯಿಂದ ಕೊರೆದ ಅಕ್ಷರದಲ್ಲಿ ಗೀರು ಎಳೆದ ಜಾಡು ಕಾಣಿಸುತ್ತದೆ.

ಹೆಸರು ಸಾಚಾ ಎನಿಸಿದ ಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಯಾರಿಗೆ ಯಾವ ಪದಕ ಸಂದಿತೆಂದು ಬರೆದಿಟ್ಟ ಪದಕಸೂಚಿ ಕಾರ್ಡುಗಳಲ್ಲಿ ಹುಡುಕಿ. 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಆ ಯುದ್ಧದ ಸಿಪಾಯಿಗಳ ಸೇವಾ ದಾಖಲೆಗಳ ಬಹುಪಾಲು ಸುಟ್ಟುಹೋದವು. ಹೀಗಾಗಿ ಎಷ್ಟೋ ಮಂದಿಯ ವಿಷಯದಲ್ಲಿ ಆ ಕಾರ್ಡು ಮತ್ತು ಪದಕದ ಅಂಚು, ಇವೇ ಮುಖ್ಯ ಆಧಾರವಾಗಿ ಉಳಿದಿವೆ. ಮಾರುವವರು ಅಂಚಿನ ಚಿತ್ರ ಕಳಿಸಲು ಹಿಂದೆಮುಂದೆ ನೋಡಿದರೆ ವ್ಯವಹಾರವನ್ನು ಅಲ್ಲಿಗೇ ಬಿಡಿ.

ಪ್ರಶ್ನೆ: ಇದೇ ಪದಕ ಕಂಚಿನಲ್ಲಿಯೂ ಇರುವುದನ್ನು ಕಂಡೆ. ಅದು ಅಗ್ಗದ ಪ್ರತಿಯೇ?

ಉತ್ತರ: ಅಲ್ಲ. ಚೀನೀ, ಮಾಲ್ಟೀಸ್, ಭಾರತೀಯ ಮೊದಲಾದ ಕಾರ್ಮಿಕ ದಳಗಳಲ್ಲಿ ದುಡಿದವರಿಗೆ ಸುಮಾರು 1,10,000 ಕಂಚಿನ ಪದಕಗಳನ್ನು ಕೊಡಲಾಗಿತ್ತು. ಬೆಳ್ಳಿಯನ್ನು ಅವರಿಗೆ ನಿರಾಕರಿಸಿದ ತಾರತಮ್ಯವೇ ಇಂದು ಆ ಪದಕವನ್ನು ಬೆಳ್ಳಿಯದಕ್ಕಿಂತ ವಿರಳವಾಗಿಸಿದೆ. ಬೆಳ್ಳಿಯನ್ನಷ್ಟೇ ಕೂಡಿಡುತ್ತೇನೆಂಬ ಹಟವಿದ್ದರೂ ಇದೊಂದಕ್ಕೆ ಪೆಟ್ಟಿಗೆಯಲ್ಲಿ ಜಾಗ ಮಾಡಿಕೊಡುವುದು ಒಳ್ಳೆಯದು.

ಪ್ರಶ್ನೆ: ನನ್ನ ಬಳಿಯಿರುವ ಪದಕಗಳು ಕಪ್ಪಾಗಿವೆ. ಬೆಳ್ಳಿ ಪಾತ್ರೆ ತೊಳೆಯುವ ಪುಡಿಯಿಂದ ಉಜ್ಜಬಹುದೇ?

ಉತ್ತರ: ದಯವಿಟ್ಟು ಉಜ್ಜಬೇಡಿ. ಗಾಳಿಯಲ್ಲಿರುವ ಗಂಧಕದ ಅನಿಲಗಳೊಡನೆ ಬೆಳ್ಳಿ ಸೇರಿ ಆದ ಸಿಲ್ವರ್ ಸಲ್ಫೈಡ್ ಪದರವೇ ಆ ಕಪ್ಪು. ಪುಡಿಯಿಂದ ಉಜ್ಜಿದಾಗ ಕಪ್ಪಿನ ಜೊತೆಗೆ ಅದರಡಿಯ ಬೆಳ್ಳಿಯೂ ಸವೆಯುತ್ತದೆ. ದೊರೆಯ ಮೀಸೆ, ಹುಬ್ಬು, ಸವಾರನ ಮಂಡಿಯಂತಹ ಉಬ್ಬಿದ ಭಾಗಗಳು ಮೊದಲು ಚಪ್ಪಟೆಯಾಗುತ್ತವೆ, ಅನಂತರ ಅಂಚಿನ ಅಕ್ಷರಗಳು ಮಸುಕಾಗುತ್ತವೆ. ಅದ್ದಿ ತೆಗೆಯುವ ದ್ರಾವಣಗಳಂತೂ ಪದಕಕ್ಕೆ ಜೀವವಿಲ್ಲದ ಬಿಳುಪನ್ನು ಕೊಡುತ್ತವೆ. ಆ ಕಾಲದ ಸೈನಿಕರು ಪರೇಡಿಗೆ ಮುನ್ನ ಪದಕಗಳನ್ನು ಫಳಫಳ ಹೊಳೆಯುವಂತೆ ಉಜ್ಜುತ್ತಿದ್ದುದು ನಿಜ, ಆ ಸವೆತವನ್ನು ಸಂಗ್ರಾಹಕರು ಒಪ್ಪಿಕೊಳ್ಳುತ್ತಾರೆ. ಅದಕ್ಕೆ ನಮ್ಮ ಕಾಲದ ಸವೆತವನ್ನು ಸೇರಿಸುವುದು ಬೇಡ.

ಕಪ್ಪು ಹೆಚ್ಚದಂತೆ ನೋಡಿಕೊಂಡರೆ ಸಾಕು. ರಬ್ಬರ್ ಬ್ಯಾಂಡ್, ಉಣ್ಣೆಯ ಬಟ್ಟೆ, ವೃತ್ತಪತ್ರಿಕೆ, ಪಿವಿಸಿ ಚೀಲ ಇವುಗಳನ್ನು ಹತ್ತಿರ ಸೇರಿಸಬೇಡಿ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಮುಟ್ಟುವಾಗ ಹತ್ತಿಯ ಕೈಗವಸು ಇರಲಿ.

ಪ್ರಶ್ನೆ: ರೆಜಿಮೆಂಟಿನ ಲಾಂಛನವೂ 1915 ಎಂಬ ಇಸವಿಯೂ ಕೆತ್ತಿರುವ ಸಿಗರೇಟ್ ಪೆಟ್ಟಿಗೆಯೊಂದು ಸಿಕ್ಕಿದೆ. ಬೆಳ್ಳಿಯೆಂದು ಹೇಗೆ ನಂಬುವುದು?

ಉತ್ತರ: ಬ್ರಿಟಿಷ್ ಬೆಳ್ಳಿಯಾದರೆ ಒಳಬದಿಯಲ್ಲಿ ಹಾಲ್‌ಮಾರ್ಕ್ ಮುದ್ರೆಗಳಿರಬೇಕು: ನಡೆಯುವ ಸಿಂಹವು 925ರ ಶುದ್ಧತೆಗೆ (ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ), ಲಂಗರು ಬರ್ಮಿಂಗ್‌ಹ್ಯಾಮಿಗೆ, ಚಿರತೆಯ ತಲೆ ಲಂಡನ್ನಿಗೆ, ಜೊತೆಗೆ ವರ್ಷ ಸೂಚಿಸುವ ಒಂದು ಅಕ್ಷರ ಮತ್ತು ತಯಾರಕರ ಗುರುತು. ಇ.ಪಿ.ಎನ್.ಎಸ್. ಎಂದಿದ್ದರೆ ಅದು ಬೆಳ್ಳಿಯ ಲೇಪ ಮಾತ್ರ. ಆದರೆ ಮುದ್ರೆ ಸರಿಯಿದ್ದ ಮಾತ್ರಕ್ಕೆ ಕೆತ್ತನೆಯೂ ಸರಿಯೆನ್ನಲಾಗದು, ಏಕೆಂದರೆ ಸಾದಾ ಪೆಟ್ಟಿಗೆಗೆ ನಿನ್ನೆ ಮೊನ್ನೆ ಲಾಂಛನ ಕೆತ್ತಿಸಿರಲೂಬಹುದು. ವರ್ಷಾಕ್ಷರ 1920ನ್ನು ತೋರಿಸುತ್ತಿದ್ದು ಕೆತ್ತನೆ 1915 ಎನ್ನುತ್ತಿದ್ದರೆ ಆ ಕೆತ್ತನೆಯನ್ನು ನಂಬುವಂತಿಲ್ಲ; ಅಕ್ಷರ ಕೆತ್ತನೆಗಿಂತ ಹಿಂದಿನದಾದರೆ ತೊಂದರೆಯಿಲ್ಲ. ಲಾಂಛನದ ಮೇಲೆ ಉಗುರು ಆಡಿಸಿ ನೋಡಿ: ಸುತ್ತಲಿನ ಮೈಯೆಲ್ಲ ಗೀರಿ ಸವೆದಿದ್ದು ಕೆತ್ತನೆ ಮಾತ್ರ ಚುಚ್ಚುವಷ್ಟು ಹರಿತವಾಗಿದ್ದರೆ ಅದು ಹೊಸದು.

ಪ್ರಶ್ನೆ: ಹಿಂಬದಿಯಲ್ಲಿ ಸಂಖ್ಯೆಯಿರುವ, ಹೆಸರಿಲ್ಲದ ಬೆಳ್ಳಿಯ ದುಂಡು ಬ್ಯಾಡ್ಜ್ ಯಾರದೆಂದು ತಿಳಿಯಲು ಸಾಧ್ಯವೇ?

ಉತ್ತರ: ಸಾಧ್ಯ. ಅದು ಸಿಲ್ವರ್ ವಾರ್ ಬ್ಯಾಡ್ಜ್ ಇರಬೇಕು. ಗಾಯ ಅಥವಾ ಕಾಯಿಲೆಯಿಂದ ಸೇನೆ ಬಿಟ್ಟವರಿಗೆ ಇದನ್ನು 1916ರ ಸೆಪ್ಟೆಂಬರಿನಿಂದ ಕೊಡಲಾಯಿತು. ಸಮವಸ್ತ್ರವಿಲ್ಲದೆ ಓಡಾಡುವ ಗಂಡಸರನ್ನು ಹೇಡಿಗಳೆಂದು ಹೀಯಾಳಿಸಿ ಬಿಳಿಗರಿ ಕೊಡುತ್ತಿದ್ದ ಕಾಲವದು. ಬಲಎದೆಯ ಮೇಲೆ ಈ ಬ್ಯಾಡ್ಜ್ ಇದ್ದವರಿಗೆ ಆ ಅವಮಾನ ತಪ್ಪುತ್ತಿತ್ತು. ಹಿಂಬದಿಯ ಸಂಖ್ಯೆ ಸೇನೆಯ ಸೇವಾ ಸಂಖ್ಯೆಯಲ್ಲ, ಬ್ಯಾಡ್ಜಿನದೇ ಸಂಖ್ಯೆ. ಹಾಗಾಗಿ ಅದನ್ನು ಪದಕಸೂಚಿಯಲ್ಲಿ ಹುಡುಕದೆ, ಅದೇ ಪತ್ರಾಗಾರದಲ್ಲಿರುವ ಸಿಲ್ವರ್ ವಾರ್ ಬ್ಯಾಡ್ಜ್ ಪಟ್ಟಿಗಳಲ್ಲಿ ಹುಡುಕಿ. ಹೆಸರು, ಪಡೆ, ಸೇನೆ ಸೇರಿದ ಮತ್ತು ಬಿಟ್ಟ ದಿನಾಂಕಗಳು ಸಾಮಾನ್ಯವಾಗಿ ಅಲ್ಲಿ ದೊರೆಯುತ್ತವೆ.