ದೈತ್ಯ ನಕ್ಷತ್ರಗಳ ಚಾರ್ಟ್ ಪ್ರಿಂಟಿಗೆ ಕೊಡುವ ಮುಂಚೆ

ವಸ್ತುಪ್ರದರ್ಶನಕ್ಕೆ ಮಾಡಿರೋ ಚಾರ್ಟ್ ನೋಡಿದೆ ಸರ್. ಬಣ್ಣ ಎಲ್ಲ ಚೆನ್ನಾಗಿ ಬಂದಿದೆ, ಆದರೆ ಪ್ರಿಂಟಿಗೆ ಈಗಲೇ ಕೊಡಬೇಡಿ. ಯುವೈ ಸ್ಕೂಟಿ ಅನ್ನೋ ಕೆಂಪು ಅತಿದೈತ್ಯ ನಕ್ಷತ್ರ "ಸೂರ್ಯನ 1700 ಪಟ್ಟು ದೊಡ್ಡದು, ತೂಕವೂ 1700 ಪಟ್ಟು" ಅಂತ ಬರೆದಿದ್ದೀರಲ್ಲ, ಆ ಸಾಲು ಪೂರ್ತಿ ತೆಗೆಯಬೇಕು. ಎಲ್ಲರೂ ನಕ್ಷತ್ರಗಳ ಗಾತ್ರ ಹೋಲಿಸೋ ಅದೇ ವಿಡಿಯೋಗಳಿಂದ ಅಂಕಿ ಎತ್ತಿಕೊಳ್ಳೋದರಿಂದ ಈ ತಪ್ಪು ಸುತ್ತಿ ಸುತ್ತಿ ಬರ್ತಾನೇ ಇದೆ.

1700 ಅನ್ನೋದು ತ್ರಿಜ್ಯದ ಅನುಪಾತ. ಘನಗಾತ್ರ ಬೇಕಾದರೆ ಅದನ್ನ ಘನ ಮಾಡಬೇಕು, ದ್ರವ್ಯರಾಶಿ ಬೇರೆಯದೇ ಲೆಕ್ಕ. ಆರ್ದ್ರಾ (ಬೀಟಲ್‌ಜ್ಯೂಸ್) ನಕ್ಷತ್ರವನ್ನೇ ತಗೊಳ್ಳಿ. ತ್ರಿಜ್ಯ ಸೂರ್ಯನ ಸುಮಾರು 760 ಪಟ್ಟು, ಹಾಗಾಗಿ ಘನಗಾತ್ರ 44 ಕೋಟಿ ಪಟ್ಟು ಹತ್ತಿರ. ದ್ರವ್ಯರಾಶಿ ಮಾತ್ರ 15ರಿಂದ 20 ಸೂರ್ಯರಷ್ಟೇ. ಭಾಗಿಸಿ ನೋಡಿ, ಸರಾಸರಿ ಸಾಂದ್ರತೆ ನಾವು ಉಸಿರಾಡೋ ಗಾಳಿಗಿಂತ ಸುಮಾರು ಇಪ್ಪತ್ತು ಸಾವಿರ ಪಟ್ಟು ಕಡಿಮೆ ಬರುತ್ತೆ. ಸೂರ್ಯನದು ನೀರಿನ 1.4 ಪಟ್ಟು. ರೋಹಿಣಿಯ (ಅಲ್ಡೆಬರಾನ್) ತ್ರಿಜ್ಯ ಸೂರ್ಯನ 45 ಪಟ್ಟು, ದ್ರವ್ಯರಾಶಿ ಸೂರ್ಯನಿಗಿಂತ ಸ್ವಲ್ಪವೇ ಹೆಚ್ಚು. ತಿರುಳಿನ ಹೈಡ್ರೋಜನ್ ಮುಗಿದ ಮೇಲೆ ಹೊರಪದರ ಉಬ್ಬಿದೆ ಅಷ್ಟೇ, ಹೊಸದಾಗಿ ಏನೂ ಬಂದು ಸೇರಿಲ್ಲ. ಸುಮಾರು 500 ಕೋಟಿ ವರ್ಷ ಕಳೆದರೆ ಸೂರ್ಯನೂ ಇದೇ ಹಾದಿ ಹಿಡಿಯುತ್ತಾನೆ.

ಚಾರ್ಟ್‌ಗೆ ತ್ರಿಜ್ಯದ ಅಂಕಿ ಬೇಕಾದರೆ ನೀವೇ ಲೆಕ್ಕ ಹಾಕಿ, ಒಂದು ಸಾಲಿನ ಕೆಲಸ. ಸೂರ್ಯನ ದೀಪ್ತಿ (ಸೆಕೆಂಡಿಗೆ ಹೊರಸೂಸೋ ಒಟ್ಟು ಬೆಳಕು) 1 ಅಂತ ಇಟ್ಟುಕೊಂಡು ನಕ್ಷತ್ರದ ದೀಪ್ತಿಯ ವರ್ಗಮೂಲ ತೆಗೆಯಿರಿ, ಅದನ್ನ (ಸೂರ್ಯನ ಮೇಲ್ಮೈ ತಾಪ 5772 ಕೆಲ್ವಿನ್ ÷ ನಕ್ಷತ್ರದ ಮೇಲ್ಮೈ ತಾಪ) ಇದರ ವರ್ಗದಿಂದ ಗುಣಿಸಿ. ಆರ್ದ್ರಾ: ದೀಪ್ತಿ 1 ಲಕ್ಷ, ವರ್ಗಮೂಲ 316. ತಾಪ 3600 ಕೆಲ್ವಿನ್, 5772/3600ರ ವರ್ಗ 2.57. ಗುಣಿಸಿದರೆ 813, ಮೇಲಿನ 760ಕ್ಕೆ ಹತ್ತಿರವೇ. ಈಗ ನೀಲಿ ನಕ್ಷತ್ರ ರೈಜೆಲ್‌ಗೆ ಮಾಡಿ: ದೀಪ್ತಿ 1.2 ಲಕ್ಷ, ತಾಪ 12,100, ಉತ್ತರ 79. ಆರ್ದ್ರಾಗಿಂತ ಹೆಚ್ಚು ಬೆಳಕು ಕೊಟ್ಟರೂ ಗಾತ್ರದಲ್ಲಿ ಹತ್ತರಲ್ಲೊಂದು! ತಣ್ಣಗಿನ ಮೇಲ್ಮೈಯ ಒಂದೊಂದು ಚದರ ಮೀಟರೂ ಕಡಿಮೆ ಬೆಳಕು ಕೊಡೋದರಿಂದ ಅಷ್ಟು ಬೆಳಕಿಗೆ ಅಷ್ಟು ದೊಡ್ಡ ಮೇಲ್ಮೈ ಬೇಕು. ನಿಮ್ಮ ಚಾರ್ಟ್‌ನಲ್ಲಿ ಈ ಜೋಡಿ ಪಕ್ಕಪಕ್ಕ ಇರಲೇಬೇಕು.

ಲೆಕ್ಕ ಕೆಡೋದು ಎರಡು ಕಡೆ. ತಾಪ 3600 ಬದಲು 3400 ಹಾಕಿದರೆ ತ್ರಿಜ್ಯ ಶೇ. 12 ಏರುತ್ತೆ. ಇನ್ನೊಂದು, ಸ್ಟೆಲ್ಲೇರಿಯಂ ತೋರಿಸೋ ನಿರಪೇಕ್ಷ ಕಾಂತಿಮಾನದಿಂದ (ಎಲ್ಲ ನಕ್ಷತ್ರಗಳನ್ನೂ ಒಂದೇ ದೂರದಲ್ಲಿಟ್ಟರೆ ಕಾಣೋ ಕಾಂತಿ) ದೀಪ್ತಿ ತೆಗೆಯಬೇಡಿ. ಆಕಾಶ ನೋಡೋಕೆ ಅದಕ್ಕಿಂತ ಒಳ್ಳೆ ಸಾಫ್ಟ್‌ವೇರ್ ಇಲ್ಲ, ಆದರೆ ಅದು ಕೊಡೋದು ಕಣ್ಣಿಗೆ ಕಾಣೋ ಬೆಳಕಿನ ಲೆಕ್ಕ. ಕೆಂಪು ನಕ್ಷತ್ರಗಳ ಬೆಳಕಿನ ದೊಡ್ಡ ಪಾಲು ಕಣ್ಣಿಗೆ ಕಾಣದ ಅವಕೆಂಪಿನಲ್ಲಿರುತ್ತೆ, ಅದನ್ನ ಬಿಟ್ಟರೆ ತ್ರಿಜ್ಯ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ.

ತಾಳೆ ನೋಡೋಕೆ ಕೋನವ್ಯಾಸದ (ಬಿಂಬ ಆಕಾಶದಲ್ಲಿ ಎಷ್ಟು ಅಗಲ ಕಾಣುತ್ತೆ ಅನ್ನೋ ಕೋನ) ದಾರಿ ಇದೆ. 1920ರಲ್ಲಿ ವಿಜ್ಞಾನಿಗಳಾದ ಮೈಕೆಲ್ಸನ್ ಮತ್ತು ಪೀಸ್ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ದೂರದರ್ಶಕಕ್ಕೆ ಬೆಳಕಿನ ಅಲೆಗಳನ್ನ ಕೂಡಿಸಿ ಅಳೆಯೋ 20 ಅಡಿ ಉದ್ದದ ಇಂಟರ್‌ಫೆರೋಮೀಟರ್ ಕಟ್ಟಿ ಆರ್ದ್ರಾದ ಕೋನವ್ಯಾಸ 0.047 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲೊಂದು ಪಾಲು ಒಂದು ಆರ್ಕ್‌ಸೆಕೆಂಡ್) ಅಂತ ಅಳೆದರು. ಈಗಿನ ಅಳತೆ ಸುಮಾರು 42 ಮಿಲಿ ಆರ್ಕ್‌ಸೆಕೆಂಡ್. ಆ 42ನ್ನ ಪಾರ್ಸೆಕ್ (3.26 ಜ್ಯೋತಿರ್ವರ್ಷ) ಲೆಕ್ಕದ ದೂರದಿಂದಲೂ 0.1075ರಿಂದಲೂ ಗುಣಿಸಿದರೆ ತ್ರಿಜ್ಯ ಸಿಗುತ್ತೆ. ದೂರ 168 ಪಾರ್ಸೆಕ್ ಹಾಕಿದರೆ 758, ಹಳೆಯ 222 ಹಾಕಿದರೆ 1002! ಕೋನ ಅದೇ, ದೂರ ಬದಲಾದ ಕೂಡಲೇ ನಕ್ಷತ್ರ ಹಿಗ್ಗಿತು. ಆದ್ದರಿಂದ ತ್ರಿಜ್ಯದ ಪಕ್ಕದಲ್ಲಿ ಯಾವ ದೂರಕ್ಕೆ ಅಂತ ಬರೆಯದ ಚಾರ್ಟನ್ನ ದಯವಿಟ್ಟು ನಂಬಬೇಡಿ, ಫಾರ್ವರ್ಡ್ ಅಂತೂ ಮಾಡಲೇಬೇಡಿ.

ಯುವೈ ಸ್ಕೂಟಿಯ ಕಥೆಯೂ ಇದೇ. 2013ರ ಅಳತೆಯಲ್ಲಿ ತ್ರಿಜ್ಯ ಸೂರ್ಯನ 1708 ± 192 ಪಟ್ಟು. ಅದಕ್ಕೆ ಹಿಡಿದ ದೂರ ಸುಮಾರು 9500 ಜ್ಯೋತಿರ್ವರ್ಷ. ನಕ್ಷತ್ರಗಳ ಸ್ಥಾನ ಅಳೆದ ಗಾಯಾ ಉಪಗ್ರಹದ ಪ್ಯಾರಲ್ಯಾಕ್ಸ್‌ನಿಂದ (ಭೂಮಿ ಸೂರ್ಯನನ್ನ ಸುತ್ತುವಾಗ ನಕ್ಷತ್ರ ಸರಿದ ಹಾಗೆ ಕಾಣೋ ಕೋನ) ಬರೋ ದೂರ ಕಡಿಮೆ, ಅದನ್ನ ಹಾಕಿದರೆ ತ್ರಿಜ್ಯ ಸಾವಿರದ ಕೆಳಗೆ ಬರುತ್ತೆ. ಹಾಗಂತ ಗಾಯಾ ಅಂಕಿಯೂ ಇಲ್ಲಿ ಕಣ್ಣುಮುಚ್ಚಿ ತಗೊಳ್ಳೋ ಹಾಗಿಲ್ಲ. ಇಂಥ ನಕ್ಷತ್ರಗಳ ಬಿಂಬ ಅವುಗಳ ಪ್ಯಾರಲ್ಯಾಕ್ಸ್‌ಗಿಂತ ದೊಡ್ಡದು (ಆರ್ದ್ರಾದ್ದು ಏಳು ಪಟ್ಟು), ಮೇಲ್ಮೈಯಲ್ಲಿ ಕುದಿಯೋ ದೊಡ್ಡ ದೊಡ್ಡ ಗುಳ್ಳೆಗಳಿಂದ ಬೆಳಕಿನ ಕೇಂದ್ರವೇ ಅತ್ತಿತ್ತ ಸರಿಯುತ್ತೆ. "ಅತಿ ದೊಡ್ಡ ನಕ್ಷತ್ರ" ಅನ್ನೋ ಶೀರ್ಷಿಕೆ ಬಿಟ್ಟು ವಿವೈ ಕ್ಯಾನಿಸ್ ಮೇಜೋರಿಸ್ ಅನ್ನೋ ಇನ್ನೊಂದು ಕೆಂಪು ಅತಿದೈತ್ಯ ಹಾಕಿ, 1420 ± 120 ಅಂತಲೇ ಬರೆಯಿರಿ. ಅಂಚಿನ ಗೆರೆ ಕತ್ತರಿಸಿದ ಹಾಗೆ ಎಳೀಬೇಡಿ, ಮಸುಕಾಗಿ ಬಿಡಿ. ಅಷ್ಟು ತೆಳು ಅನಿಲಕ್ಕೆ ಖಚಿತ ಅಂಚಿಲ್ಲ, ಯಾವ ತರಂಗಾಂತರದಲ್ಲಿ ನೋಡ್ತೀರೋ ಅದರ ಮೇಲೆ ವ್ಯಾಸ ಬದಲಾಗುತ್ತೆ.

ಸ್ಕೇಲ್ ಸೂರ್ಯನ ವ್ಯಾಸಕ್ಕೆ 1 ಮಿ.ಮೀ. ಇಡಿ. ರೋಹಿಣಿ 4.5 ಸೆಂ.ಮೀ., ರೈಜೆಲ್ 8, ಆರ್ದ್ರಾ 76, ವಿವೈ 1.42 ಮೀಟರ್. ಸೂರ್ಯನಿಂದ ಭೂಮಿ 10.7 ಸೆಂ.ಮೀ., ಗುರು 56 ಸೆಂ.ಮೀ. ಆರ್ದ್ರಾವನ್ನ ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳ ಒಳಗೆ ಹೋಗುತ್ತೆ, ಗುರು ಹೊರಗೇ ಉಳಿಯುತ್ತೆ, ಅದನ್ನೂ ಒಳಗೆ ತೋರಿಸಿದ ನಿಮ್ಮ ಚಿತ್ರ ಅಲ್ಲಿ ತಪ್ಪಿದೆ. ಇದೇ ಸ್ಕೇಲಿನಲ್ಲಿ ಆಲ್ಫಾ ಸೆಂಟಾರಿ ಸುಮಾರು 30 ಕಿ.ಮೀ. ದೂರ ಅನ್ನೋದನ್ನೂ ಮೂಲೆಯಲ್ಲಿ ಬರೆಯಿರಿ.

ನಿಮ್ಮ ಚಾರ್ಟ್ ಪೋಸ್ಟಿನ ಕೆಳಗೆ ಒಬ್ಬರು ದೂರದರ್ಶಕದಲ್ಲಿ ಆರ್ದ್ರಾದ ಬಿಂಬ ಕಾಣುತ್ತಾ ಅಂತ ಕೇಳಿದ್ದಾರೆ. ಇಲ್ಲ. 20 ಸೆಂ.ಮೀ. ದರ್ಪಣ ವಿವರ ಬಿಡಿಸಿ ತೋರಿಸೋದು 0.58 ಆರ್ಕ್‌ಸೆಕೆಂಡ್ ತನಕ, ಆರ್ದ್ರಾದ ಬಿಂಬ ಬರೀ 0.042. ಕಾಣೋ ಚುಕ್ಕೆ ದರ್ಪಣದ ವಿವರ್ತನೆಯದು (ಅಂಚಿನಲ್ಲಿ ಬೆಳಕು ಹರಡೋದು), ಐಪೀಸ್ ಬದಲಿಸಿ ದುಡ್ಡು ಹಾಳು ಮಾಡಬೇಡಿ. ಬಣ್ಣ ನೋಡಬೇಕಾದರೆ ಫೋಕಸ್ ಸ್ವಲ್ಪ ತಪ್ಪಿಸಿ, ರೈಜೆಲ್ ಮತ್ತು ಆರ್ದ್ರಾ ಒಂದಾದ ಮೇಲೊಂದು ನೋಡಿ. ಆರ್ದ್ರಾದ ಕಾಂತಿ ಗುರುತು ಹಾಕಿಕೊಳ್ಳೋರು ರೋಹಿಣಿ (ಕಾಂತಿಮಾನ 0.86) ಮತ್ತು ಪ್ರೋಸಿಯಾನ್ (0.34) ಜೊತೆ ಹೋಲಿಸಿ, ಮೂರೂ ದಿಗಂತದಿಂದ ಚೆನ್ನಾಗಿ ಮೇಲೆ, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಇರುವಾಗ ಮಾತ್ರ. ಕೆಂಪು ನಕ್ಷತ್ರವನ್ನ ದಿಟ್ಟಿಸಿದಷ್ಟೂ ಹೆಚ್ಚು ಪ್ರಕಾಶಮಾನವಾಗಿ ಕಾಣುತ್ತೆ, ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಕಣ್ಣು ಹಾಯಿಸಿ ಅಂದಾಜು ಮಾಡಿ.