ಡಿಎನ್‌ಎಗೆ ಅಂತ ಇಲಿಯ ಬಾಲದ ತುದಿ ಕತ್ತರಿಸದೆ ಬರೀ ಕೂದಲಿನ ಪ್ರೋಟೀನ್ ನೋಡಿ ಜೆನೆಟಿಕ್ ವ್ಯತ್ಯಾಸ ಹಿಡಿಬಹುದಾ? ಯಾವ ಮಾಸ್ ಸ್ಪೆಕ್ ಒಳ್ಳೇದು?

ಹಿಡಿಬಹುದು. ಆದ್ರೆ ಮಾಸ್ ಸ್ಪೆಕ್, ಅಂದ್ರೆ ಅಣುಗಳ ತೂಕ ಅಳೆಯುವ ಮೆಷಿನ್, ಯಾವುದು ಅಂತ ಕೇಳಿದ್ರಲ್ಲ, ಅಲ್ಲಿ ನಂಗೆ ನಗು ಬಂತು. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದೆ. ಮೆಷಿನ್ ಸರಿಯೇ ಇತ್ತು ಮಾರಾಯ್ರೆ, ಹಾಳು ಮಾಡಿದ್ದು ನಾನು.

ಮಂಗಳೂರಲ್ಲೇ ಒಂದು ಲ್ಯಾಬಲ್ಲಿ ಪ್ರಾಜೆಕ್ಟ್ ಮಾಡ್ತಿದ್ದೆ. ಎರಡು ತಳಿ, ಕರಿದು ಬ್ಲ್ಯಾಕ್ ಸಿಕ್ಸ್, ಬಿಳಿದು ಬಾಲ್ಬ್ ಸಿ. ಬೇರೆಯವರ ಪ್ರಯೋಗ ಮುಗಿದ ಇಲಿಗಳ ಬೆನ್ನಿನ ಕೂದಲು ಟ್ರಿಮ್ಮರಲ್ಲಿ ತೆಗೆದು ಕೊಟ್ಟಿದ್ರು. ಒಂದು ಕಪ್ಪು ಒಂದು ಬಿಳಿ, ಕಣ್ಣಿಗೇ ಗೊತ್ತಾಗ್ತದಲ್ಲ, ಇದಕ್ಕೆ ಮೆಷಿನ್ ಎಂಥಕ್ಕೆ ಅಂತ ಅಮ್ಮ ಕೇಳಿದ್ರು. ನಾನು ದೊಡ್ಡ ಜನ ಆಗಿ ವಿವರಿಸಿದ್ದೆ: ಜೀನಲ್ಲಿ ಒಂದು ಅಕ್ಷರ ಬದಲಾದ್ರೆ ಪ್ರೋಟೀನ್ ಸರದ ಒಂದು ಮಣಿ, ಅಂದ್ರೆ ಒಂದು ಅಮೈನೋ ಆಸಿಡ್ ಬದಲಾಗ್ಬಹುದು, ಆಗ ಟ್ರಿಪ್ಸಿನ್ ಅನ್ನುವ ಎಂಜೈಮ್ ಕತ್ತರಿಸಿದ ತುಂಡಿನ ತೂಕ ಬದಲಾಗ್ತದೆ, ಆ ತೂಕ ಮೆಷಿನ್ ಹಿಡಿತದೆ ಅಂತ.

ಕೂದಲು ಕರಗಿಸುವುದೇ ಒಂದು ಕರ್ಮ. ಹೆಚ್ಚಿನಂಶ ಕೆರಾಟಿನ್ ಅನ್ನುವ ಪ್ರೋಟೀನ್, ಅದರಲ್ಲಿ ಗಂಧಕ ಇರುವ ಅಮೈನೋ ಆಸಿಡ್ ಆದ ಸಿಸ್ಟೀನ್‌ಗಳು ಗಂಧಕದ ಕೊಂಡಿ ಹಾಕಿಕೊಂಡು ಕೂತಿರ್ತವೆ, ಡಿಟಿಟಿ ಅನ್ನುವ ಕೆಮಿಕಲ್ ಹಾಕಿ ಬಿಸಿ ಮಾಡಿ ಆ ಕೊಂಡಿ ಬಿಡಿಸ್ಬೇಕು. ಪಾರ್ಲರಲ್ಲಿ ಸ್ಟ್ರೈಟನಿಂಗ್ ಮಾಡುವಾಗ ಮೂಗಿಗೆ ಹೊಡೆಯುವ ವಾಸನೆ ಉಂಟಲ್ಲ, ಹೆಚ್ಚು ಕಡಿಮೆ ಅದೇ ಜಾತಿಯದ್ದು, ಅಲ್ಲಿ ನಡೆಯುವ ಕೆಲಸವೂ ಅದೇ. ಬಸ್ಸಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದದ್ದುಂಟು.

ಈಗ ತಪ್ಪಿನ ವಿಷಯ. ಬ್ಲ್ಯಾಕ್ ಸಿಕ್ಸ್ ಸ್ಯಾಂಪಲ್ ಎಲ್ಲಾ ಸೋಮವಾರ ಮಾಡಿದೆ, ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ತೆಗೆದೆ, 16 ಗಂಟೆ. ಬಾಲ್ಬ್ ಸಿ ಎಲ್ಲಾ ಗುರುವಾರ ಸಂಜೆ ಆರಕ್ಕೆ ಇಟ್ಟೆ. ಜುಲೈ ತಿಂಗಳು, ರಾತ್ರಿ ರೆಡ್ ಅಲರ್ಟ್ ಬಂತು, ಶುಕ್ರವಾರ ರಜೆ, ರಸ್ತೆಯಲ್ಲಿ ಮೊಣಕಾಲಿನವರೆಗೆ ನೀರು, ಮತ್ತೆ ನಾಲ್ಕನೇ ಶನಿವಾರ, ಭಾನುವಾರ. ಸೋಮವಾರ ಹತ್ತು ಗಂಟೆಗೆ ಬಾಗಿಲು ತೆಗೆದ್ರೆ ಜನರೇಟರ್ ದಯೆಯಿಂದ ಇನ್‌ಕ್ಯುಬೇಟರ್ ಇನ್ನೂ ಬೆಚ್ಚಗೆ 37ರಲ್ಲಿ ಕೂತಿದೆ. 88 ಗಂಟೆ! ಆಗ್ಲೇ ಬಿಸಾಡಬೇಕಿತ್ತು. ಆದ್ರೆ ಬಾಲ್ಬ್ ಸಿ ಕೂದಲು ಬೇರೆ ಇರಲಿಲ್ಲ, ಹೆಚ್ಚು ಹೊತ್ತು ಕತ್ತರಿಸಿದ್ರೆ ಇನ್ನೂ ಚಂದ ಕತ್ತರಿಸ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಟ್‌ಬುಕ್ಕಲ್ಲಿ 'ಓವರ್‌ನೈಟ್' ಅಂತ ಬರೆದೆ. ಆ ಒಂದು ಶಬ್ದ ನನ್ನ ಎಂಟು ತಿಂಗಳು ತಿಂದದ್ದು.

ಸ್ಯಾಂಪಲ್ ಮೆಷಿನಿಗೆ ಹಾಕ್ಲಿಕ್ಕೆ ಬೆಂಗಳೂರಿಗೆ ಕಳಿಸಿದ್ದೆ, ಅಲ್ಲಿಂದ ಡೇಟಾ ಬಂತು. ಬಾಲ್ಬ್ ಸಿಯಲ್ಲಿ ಮಾತ್ರ ಏಳು ಪೆಪ್ಟೈಡಲ್ಲಿ (ಕತ್ತರಿಸಿದ ಪ್ರೋಟೀನ್ ತುಂಡಲ್ಲಿ) ಆಸ್ಪರಜಿನ್ ಅನ್ನುವ ಅಮೈನೋ ಆಸಿಡ್ ಇರಬೇಕಾದ ಜಾಗದಲ್ಲಿ ಆಸ್ಪಾರ್ಟಿಕ್ ಆಸಿಡ್! ಜೀನಿನ ವ್ಯತ್ಯಾಸ (ಮ್ಯುಟೇಶನ್) ಸಿಕ್ತು ಅಂತ ನಾನು ಪೋಸ್ಟರ್ ಮಾಡಿ ಪ್ರಿಂಟ್ ಕೂಡ ಹಾಕಿಸಿದೆ. ಲ್ಯಾಬಿನ ಸೀನಿಯರ್ ಅಕ್ಕ ಒಬ್ರು ಚಾ ಕುಡಿತಾ ಪೋಸ್ಟರ್ ನೋಡಿ ಎರಡೇ ಪ್ರಶ್ನೆ ಕೇಳಿದ್ರು. ಆಸ್ಪರಜಿನ್ ಆದ್ಮೇಲೆ ಪಕ್ಕದಲ್ಲಿ ಎಂಥ ಉಂಟು? ನೋಡಿದ್ರೆ ಏಳರಲ್ಲಿ ಐದು ಕಡೆ ಗ್ಲೈಸಿನ್ ಅನ್ನುವ ಅಮೈನೋ ಆಸಿಡ್. ಎರಡನೇದು, ಒಂದೇ ಇಲಿಯಲ್ಲಿ ಹಳೇ ರೂಪವೂ ಹೊಸ ರೂಪವೂ ಎರಡೂ ಯಾಕೆ ಕಾಣ್ತದೆ?

ಇದು ಗೊತ್ತಿಲ್ಲದವರಿಗೆ ಹೇಳ್ತೇನೆ. ಆಸ್ಪರಜಿನ್ ಬಿಸಿಯಲ್ಲಿ, ಪಿಎಚ್ 8ರಲ್ಲಿ (ಸ್ವಲ್ಪ ಕ್ಷಾರದ ದ್ರಾವಣದಲ್ಲಿ) ಸುಮ್ಮನೆ ಕೂತ್ರೂ ತಾನಾಗಿಯೇ ಆಸ್ಪಾರ್ಟಿಕ್ ಆಸಿಡ್ ಆಗ್ತಾ ಹೋಗ್ತದೆ, ಡಿಅಮಿಡೇಶನ್ ಅಂತಾರೆ, ಪಕ್ಕದಲ್ಲಿ ಗ್ಲೈಸಿನ್ ಇದ್ರೆ ಇನ್ನೂ ಬೇಗ. ತೂಕ 0.984 ಡಾಲ್ಟನ್ ಏರ್ತದೆ, ಜೀನಲ್ಲಿ ನಿಜವಾಗಿ ಬದಲಾಗಿದ್ರೂ ಅಷ್ಟೇ ಏರ್ತದೆ, ಬರೀ ತೂಕ ನೋಡಿ ಬೇರೆ ಮಾಡ್ಲಿಕ್ಕೆ ಆಗುದಿಲ್ಲ. ಬಾಲ್ಬ್ ಸಿ ಅಂದ್ರೆ ಅಣ್ಣ ತಂಗಿಯನ್ನೇ ಕೂಡಿಸಿ 20 ತಲೆಮಾರು ಯಾವತ್ತೋ ದಾಟಿಸಿದ ತಳಿ, ಜೀನಿನ ಎರಡೂ ಪ್ರತಿ ಒಂದೇ ತರ, ನಿಜವಾದ ಮ್ಯುಟೇಶನ್ ಆಗಿದ್ರೆ ಹಳೇ ರೂಪ ಸಿಗ್ಲೇಬಾರ್ದು. ಡೇಟಾದಲ್ಲಿ ಪೆಪ್ಟೈಡ್ ಹುಡುಕುವ ಸಾಫ್ಟ್‌ವೇರಿನ ಸೆಟ್ಟಿಂಗಲ್ಲಿ ನಾನು ಡಿಅಮಿಡೇಶನ್ ಟಿಕ್ ಕೂಡ ಮಾಡಿರಲಿಲ್ಲ. ಬಾಲ್ಬ್ ಸಿಯ ಜೀನೋಮ್ ಆನ್‌ಲೈನಲ್ಲಿ ಫ್ರೀ ಉಂಟು, ತೆಗೆದು ನೋಡಿದೆ, ಏಳು ಜಾಗದಲ್ಲೂ ಎಂಥದೂ ಬದಲಾಗಿಲ್ಲ. ಕಡೆಗೆ ಮಿಕ್ಕಿದ್ದ ಬ್ಲ್ಯಾಕ್ ಸಿಕ್ಸ್ ಕೂದಲನ್ನು ಬೇಕಂತಲೇ 88 ಗಂಟೆ ಇಟ್ಟೆ. ಕರಿ ಇಲಿಗೂ ಬಿಳಿ ಇಲಿಯ 'ಮ್ಯುಟೇಶನ್' ಬಂತು.

ಮಳೆ ನೆಪ ಅಷ್ಟೇ, ಒಂದು ತಳಿ ಒಂದು ದಿನ ಇನ್ನೊಂದು ತಳಿ ಇನ್ನೊಂದು ದಿನ ಮಾಡಿದ್ದೇ ಮೂಲ. ಪ್ರತಿ ಬ್ಯಾಚಲ್ಲಿ ಎರಡೂ ತಳಿಯ ಸ್ಯಾಂಪಲ್ ಇಟ್ಟಿದ್ರೆ ಎರಡೂ ಒಟ್ಟಿಗೇ ಹಾಳಾಗ್ತಿತ್ತು, ನನಗೆ ಸುಳ್ಳು ಖುಷಿಯಾದ್ರೂ ತಪ್ತಿತ್ತು.

ನಿಮ್ಮ ವಿಷಯಕ್ಕೆ ಬಂದ್ರೆ, ಬಾಲ ಕತ್ತರಿಸಬಾರ್ದು ಅಂತ ಮಾತ್ರ ಇದ್ರೆ ಪ್ರೋಟೀನ್ ದಾರಿ ಹಿಡಿಬೇಡಿ, ಪೊಕ್ಕಡೆ ದುಡ್ಡು ದಂಡ. ನಾಲ್ಕು ಕೂದಲು ಬುಡ ಸಮೇತ ಕಿತ್ತು ಪಿಸಿಆರ್ (ಡಿಎನ್‌ಎಯ ತುಂಡನ್ನು ಹೆಚ್ಚಿಸಿ ನೋಡುವ ಪರೀಕ್ಷೆ) ಮಾಡಿ, ಬುಡದಲ್ಲಿ ಡಿಎನ್‌ಎ ಉಂಟು. ಬೋಳಿಸಿದ ಕೂದಲಲ್ಲಿ ಬುಡ ಬರುದಿಲ್ಲ, ನೆನಪಿಡಿ. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಕೂದಲು ಕೀಳುವುದನ್ನೂ ಬರೆದು ಕೊಡ್ಬೇಕು.

ಕೂದಲಿನ ಪ್ರೋಟೀನಿಂದ ಆಗುದೇ ಇಲ್ಲ ಅಂತಲ್ಲ. ಡೇವಿಸ್‌ನ ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯವರು 2009ರಲ್ಲೇ ಇಲಿ ತಳಿಗಳನ್ನು ಮೈಕೂದಲಿನ ಪ್ರೋಟೀನ್ ನೋಡಿ ಬೇರೆ ಬೇರೆ ಮಾಡಿ ತೋರಿಸಿದ್ದಾರೆ, 2016ರಲ್ಲಿ ಲಾರೆನ್ಸ್ ಲಿವರ್‌ಮೋರ್ ಲ್ಯಾಬಿನವರು ಮನುಷ್ಯರ ಕೂದಲಲ್ಲಿ ಜೀನ್ ವ್ಯತ್ಯಾಸದ ಪೆಪ್ಟೈಡ್ ಹುಡುಕಿದ್ರು. ಡಿಎನ್‌ಎ ಹಾಳಾಗಿ ಹೋದ ಕೂದಲಿಗೆ, ಅಥವಾ ಜೀನ್ ಬದಲಾದ್ರೆ ಕೂದಲೇ ಹೇಗೆ ಬದಲಾಗ್ತದೆ ಅಂತ ನೋಡ್ಲಿಕ್ಕೆ ಇದು ಬೇಕು. ನಿಮ್ಮ ಪ್ರಶ್ನೆ ಅದಾಗಿದ್ರೆ ಒಂದೇ ವಯಸ್ಸಿನ ಇಲಿ, ಬೆನ್ನಿನ ಒಂದೇ ಜಾಗದ ಕೂದಲು ತಗೊಳ್ಳಿ, ಗ್ಲೌಸ್ ಹಾಕದೆ ಮುಟ್ಟಿದ್ರೆ ನಿಮ್ಮದೇ ಚರ್ಮದ ಕೆರಾಟಿನ್ ಸಿಗ್ತದೆ. ಡೇಟಾಬೇಸಿನ ರೆಫರೆನ್ಸ್ ಬ್ಲ್ಯಾಕ್ ಸಿಕ್ಸಿಂದು, ಬೇರೆ ತಳಿಯ ಬದಲಾದ ಸೀಕ್ವೆನ್ಸ್ ನೀವೇ ಸೇರಿಸದಿದ್ರೆ ಸಾಫ್ಟ್‌ವೇರ್ ಅದನ್ನು ಹುಡುಕುದೇ ಇಲ್ಲ.

ಮತ್ತೆ ನಿಮ್ಮಲ್ಲಿರುವುದು ಸ್ವಿಸ್ ಅಲ್ಬಿನೋನಾ? ನಮ್ಮ ಕಡೆ ಕಾಲೇಜುಗಳಲ್ಲಿ ಅದೇ ಜಾಸ್ತಿ, ಅದಕ್ಕೆ ಕೇಳಿದ್ದು. ಅದು ಬಾಲ್ಬ್ ಸಿ ತರ ಅಣ್ಣ ತಂಗಿ ಕೂಡಿಸಿದ (ಇನ್‌ಬ್ರೆಡ್) ತಳಿ ಅಲ್ಲ, ಒಂದೊಂದು ಇಲಿಯೂ ಬೇರೆ ಬೇರೆ, 'ತಳಿ ವ್ಯತ್ಯಾಸ' ಅಂತ ನೀವು ಹುಡುಕುವುದು ಅಲ್ಲಿ ಅರ್ಥವೇ ಇಲ್ಲದ್ದು. ಯಾವ ಇಲಿ ಅಂತ ಕೆಳಗೆ ಬರೀರಿ, ಕಡೆಗೆ ಮಾತಾಡುವ. ಸ್ಯಾಂಪಲ್ ಕೆಲಸ ಮಾತ್ರ ಮಳೆ ಬಿಟ್ಟ ಮೇಲೆಯೇ ಶುರು ಮಾಡಿ.