ಸಮಯದ ಮಿತಿಯಿರುವ ಪರೀಕ್ಷೆಯಲ್ಲಿ ಅನುಪಾತದ ಲೆಕ್ಕ ಬೇಗ ಬಿಡಿಸುವುದು ಹೇಗೆ?

ಎಕ್ಸ್, ವೈ ಎಂದು ಸಮೀಕರಣ ಬರೆಯುತ್ತಾ ಕೂರಬೇಡಿ. ‘ಒಂದು ಭಾಗ ಎಂದರೆ ಎಷ್ಟು?’ ಎಂಬುದನ್ನಷ್ಟೇ ಹುಡುಕಿ. ಅನುಪಾತ ನಿಜವಾದ ಸಂಖ್ಯೆಯನ್ನು ಹೇಳುವುದಿಲ್ಲ, ಎಷ್ಟೆಷ್ಟು ಸಮಭಾಗ ಎಂದಷ್ಟೇ ಹೇಳುತ್ತದೆ. ಒಂದು ಭಾಗದ ಬೆಲೆ ಸಿಕ್ಕರೆ ಉಳಿದದ್ದೆಲ್ಲ ಬರೀ ಗುಣಾಕಾರ. ಇಬ್ಬರ ಸಂಬಳ 5:3, ವ್ಯತ್ಯಾಸ 4,000 ರೂಪಾಯಿ ಎಂದರೆ 2 ಭಾಗಕ್ಕೆ 4,000, ಒಂದು ಭಾಗಕ್ಕೆ 2,000. ಸಂಬಳ 10,000 ಮತ್ತು 6,000.

ಹೆಚ್ಚಿನವರು ಎಡವುವುದು ಅನುಪಾತ ನಡುವೆ ಬದಲಾದಾಗ. ಹಾಲು, ನೀರು 4:1 ಇದ್ದ ಮಿಶ್ರಣಕ್ಕೆ 6 ಲೀಟರ್ ನೀರು ಬೆರೆಸಿದಾಗ 2:1 ಆಯಿತು, ಹಾಲೆಷ್ಟು? ಇಲ್ಲಿ ಮೊದಲು ನೋಡಬೇಕಾದದ್ದು, ಬದಲಾಗದೆ ಉಳಿದದ್ದು ಯಾವುದು ಎಂದು. ಹಾಲು ಅಷ್ಟೇ ಇದೆ, ಆದರೆ ಒಂದು ಕಡೆ ಅದು 4 ಭಾಗ, ಇನ್ನೊಂದು ಕಡೆ 2. ಹಾಗಾಗಿ 2:1 ಅನ್ನು 4:2 ಎಂದು ಬರೆದುಕೊಳ್ಳಿ. ಈಗ ಎರಡೂ ಕಡೆ ಭಾಗದ ಅಳತೆ ಒಂದೇ ಆಯಿತು. ನೀರು 1 ಭಾಗದಿಂದ 2ಕ್ಕೆ ಏರಿದೆ. ಆ ಒಂದು ಭಾಗವೇ 6 ಲೀಟರ್. ಹಾಲು 24 ಲೀಟರ್. ಪೆನ್ನೇ ಬೇಕಿಲ್ಲ!

ಬಹುಆಯ್ಕೆಯ ಪ್ರಶ್ನೆಯಾದರೆ ಇನ್ನೂ ಸಲೀಸು. ತರಗತಿಯಲ್ಲಿ ಹುಡುಗರು, ಹುಡುಗಿಯರು 5:3 ಇದ್ದರೆ ಒಟ್ಟು ಸಂಖ್ಯೆ 8ರಿಂದ ಭಾಗವಾಗಲೇಬೇಕು. ಆಗದ ಆಯ್ಕೆಗಳನ್ನು ಮೊದಲೇ ಹೊಡೆದುಹಾಕಿ.